ಆಸ್ಪತ್ರೆ ಕಟ್ಟಡಕ್ಕೆ ಸರ್ಕಾರಿ ಅನುಮತಿಗಳು: ಯಾವ ಕಚೇರಿಗೆ, ಯಾವ ಹಂತದಲ್ಲಿ

ಆಸ್ಪತ್ರೆ ಕಟ್ಟಲು ಹೊರಟ ವೈದ್ಯರು, ಟ್ರಸ್ಟ್‌ಗಳ ಪದಾಧಿಕಾರಿಗಳು ಮತ್ತು ಅವರ ಎಂಜಿನಿಯರುಗಳು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ನಕ್ಷೆ ಮಂಜೂರಾಗಿದೆ, ಇನ್ನು ಕೆಲಸ ಶುರು ಮಾಡಬಹುದೇ? ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ‘ಇನ್ನೂ ಇಲ್ಲ’ ಎಂದೇ ಆಗಿರುತ್ತದೆ. ‘ಆಸ್ಪತ್ರೆ ಕಟ್ಟಲು ಅನುಮತಿ’ ಎಂಬ ಹೆಸರಿನ ಒಂದೇ ಕಾಗದವನ್ನು ನಮ್ಮಲ್ಲಿ ಯಾವ ಇಲಾಖೆಯೂ ಕೊಡುವುದಿಲ್ಲ. ಸ್ಥಳೀಯ ಸಂಸ್ಥೆ ಕಟ್ಟಡದ ಅಳತೆಯನ್ನು ನೋಡುತ್ತದೆ, ಅಗ್ನಿಶಾಮಕ ಇಲಾಖೆ ಜನ ಹೊರಬರುವ ದಾರಿಯನ್ನು ನೋಡುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿ ಕಟ್ಟಡದಿಂದ ಹೊರಹೋಗುವ ನೀರು ಮತ್ತು ಕಸವನ್ನು ನೋಡುತ್ತದೆ, ಅಣುಶಕ್ತಿ ನಿಯಂತ್ರಣ ಮಂಡಳಿ ಎಕ್ಸ್‌ರೇ ಕೋಣೆಯ ಗೋಡೆಯನ್ನು ನೋಡುತ್ತದೆ, ಆರೋಗ್ಯ ಇಲಾಖೆಯು ಇವೆಲ್ಲ ಮುಗಿದ ಮೇಲೆ ಅಲ್ಲಿ ಚಿಕಿತ್ಸೆ ನಡೆಸಬಹುದೇ ಎಂದು ನೋಡುತ್ತದೆ. ಪ್ರತಿಯೊಬ್ಬರೂ ತಮ್ಮ ಪಾಲಿನದನ್ನಷ್ಟೇ ಪರಿಶೀಲಿಸುವುದರಿಂದ, ಒಂದು ಇಲಾಖೆಗೆ ಕೊಟ್ಟ ನಕ್ಷೆ ಇನ್ನೊಂದಕ್ಕೆ ಕೊಟ್ಟ ನಕ್ಷೆಯೊಂದಿಗೆ ಹೊಂದುತ್ತದೆಯೇ ಎಂದು ನೋಡುವ ಹೊಣೆ ಪೂರ್ತಿಯಾಗಿ ಅರ್ಜಿದಾರರದ್ದೇ ಆಗಿರುತ್ತದೆ. ವಿಳಂಬಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಈ ಹೊಂದಾಣಿಕೆಯ ಕೊರತೆಯಿಂದ.

ಈ ಲೇಖನ ಕರ್ನಾಟಕದಲ್ಲಿ ಹೊಸದಾಗಿ ಕಟ್ಟುವ ಖಾಸಗಿ ಆಸ್ಪತ್ರೆಯನ್ನು ಗಮನದಲ್ಲಿಟ್ಟುಕೊಂಡಿದೆ. ಕೇಂದ್ರ ಕಾನೂನುಗಳ ಕುರಿತ ಮಾತುಗಳು ಇತರ ರಾಜ್ಯಗಳಿಗೂ ಅನ್ವಯಿಸುತ್ತವೆ. ನಕ್ಷೆ ಮಂಜೂರಾತಿ, ವೈದ್ಯಕೀಯ ಸಂಸ್ಥೆಯ ನೋಂದಣಿ ಮುಂತಾದವು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ. ಶುಲ್ಕ ಮತ್ತು ನಮೂನೆಗಳು ಆಗಾಗ ಬದಲಾಗುವುದರಿಂದ ಅವುಗಳನ್ನು ಇಲ್ಲಿ ಪಟ್ಟಿ ಮಾಡಿಲ್ಲ. ಅರ್ಜಿ ಹಾಕುವ ದಿನ ಆಯಾ ಇಲಾಖೆಯ ಪೋರ್ಟಲ್‌ನಲ್ಲಿ ಇರುವುದೇ ಅಂತಿಮ.

ಮೊದಲು ಜೊತೆಗಿರಬೇಕಾದವರು ಮತ್ತು ಕಾಗದಗಳು

ಆಸ್ಪತ್ರೆಯ ವಿನ್ಯಾಸದಲ್ಲಿ ಅನುಭವವಿರುವ ವಾಸ್ತುಶಿಲ್ಪಿ, ಸ್ಟ್ರಕ್ಚರಲ್ ಎಂಜಿನಿಯರ್, ವಿದ್ಯುತ್, ಕೊಳಾಯಿ ಮತ್ತು ಹವಾನಿಯಂತ್ರಣ ಕೆಲಸಗಳ ಸಲಹೆಗಾರ, ಅಗ್ನಿ ಸುರಕ್ಷತೆಯ ಸಲಹೆಗಾರ, ಈ ನಾಲ್ವರೂ ಮೊದಲ ಸಭೆಯಿಂದಲೇ ಇರಬೇಕು. ಮನೆ ಮತ್ತು ವಾಣಿಜ್ಯ ಮಳಿಗೆಗಳನ್ನಷ್ಟೇ ಕಟ್ಟಿಸಿದ ಎಂಜಿನಿಯರಿಗೆ ಆಸ್ಪತ್ರೆಯನ್ನು ಒಪ್ಪಿಸಿ, ಉಳಿದವರನ್ನು ಬೇಕಾದಾಗ ಕರೆಯೋಣ ಎಂದುಕೊಂಡರೆ, ಬೇಕಾದಾಗ ಎನ್ನುವುದು ಕಂಬಗಳು ಎದ್ದ ಮೇಲೆ ಬರುತ್ತದೆ. ಕಾಗದಗಳ ಪೈಕಿ ಕ್ರಯಪತ್ರ ಅಥವಾ ಗುತ್ತಿಗೆ ಪತ್ರ, ಖಾತಾ, ಋಣಭಾರ ಪ್ರಮಾಣಪತ್ರ, ತೆರಿಗೆ ರಸೀದಿ, ಭೂ ಪರಿವರ್ತನೆಯ ಆದೇಶ, ಸರ್ವೆ ಸ್ಕೆಚ್, ಮಣ್ಣಿನ ಪರೀಕ್ಷಾ ವರದಿ ಮತ್ತು ಅರ್ಜಿದಾರರು ಟ್ರಸ್ಟ್ ಅಥವಾ ಕಂಪನಿಯಾಗಿದ್ದರೆ ಸಹಿ ಅಧಿಕಾರದ ನಿರ್ಣಯ ಬೇಕಾಗುತ್ತವೆ. ಎಲ್ಲ ಕಾಗದಗಳಲ್ಲೂ ಅರ್ಜಿದಾರರ ಹೆಸರು ಅಕ್ಷರ ತಪ್ಪದೆ ಒಂದೇ ರೀತಿ ಇರಬೇಕು. ಖಾತಾ ವೈದ್ಯರ ಹೆಸರಿನಲ್ಲಿ, ನಕ್ಷೆ ಟ್ರಸ್ಟ್ ಹೆಸರಿನಲ್ಲಿ, ಮಾಲಿನ್ಯ ಮಂಡಳಿಯ ಅರ್ಜಿ ಕಂಪನಿಯ ಹೆಸರಿನಲ್ಲಿ ಇರುವ ಫೈಲುಗಳು ಸಾಕಷ್ಟಿವೆ, ಮತ್ತು ಅವು ಕೊನೆಯ ಹಂತದಲ್ಲಿ ನಿಲ್ಲುತ್ತವೆ.

1. ಸೇವೆಗಳ ಪಟ್ಟಿಯನ್ನು ಬರೆದು ಸ್ಥಿರಪಡಿಸಿ

ಎಷ್ಟು ಹಾಸಿಗೆ, ಎಷ್ಟು ಶಸ್ತ್ರಚಿಕಿತ್ಸಾ ಕೊಠಡಿ, ಐಸಿಯು ಇದೆಯೇ, ಡಯಾಲಿಸಿಸ್ ಇದೆಯೇ, ಎಕ್ಸ್‌ರೇ, ಸಿಟಿ, ಕ್ಯಾಥ್ ಲ್ಯಾಬ್, ಎಂಆರ್‌ಐ, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ವಿಕಿರಣ ಚಿಕಿತ್ಸೆ, ರಕ್ತ ಕೇಂದ್ರ, ಔಷಧ ಅಂಗಡಿ, ದ್ರವ ಆಮ್ಲಜನಕದ ಟ್ಯಾಂಕ್, ಡೀಸೆಲ್ ಜನರೇಟರ್, ಇವುಗಳಲ್ಲಿ ಯಾವುವು ಮೊದಲ ದಿನದಿಂದ, ಯಾವುವು ಐದು ವರ್ಷದ ನಂತರ ಎಂದು ಒಂದೆರಡು ಪುಟದಲ್ಲಿ ಬರೆಯಿರಿ. ಇದನ್ನು ಯಾವ ಇಲಾಖೆಯೂ ಕೇಳುವುದಿಲ್ಲ, ಆದರೂ ಮುಂದಿನ ಪ್ರತಿಯೊಂದು ಅನುಮತಿ ಇದರಿಂದಲೇ ಹೊರಡುತ್ತದೆ. ಉದಾಹರಣೆಗೆ, ರಕ್ತ ಕೇಂದ್ರಕ್ಕೆ ಔಷಧ ಮತ್ತು ಪ್ರಸಾಧನ ನಿಯಮಗಳ ಪ್ರಕಾರ ಕನಿಷ್ಠ 100 ಚದರ ಮೀಟರ್ ಸ್ಥಳ ಬೇಕು. ರಕ್ತದ ಘಟಕಗಳನ್ನು ಬೇರ್ಪಡಿಸುವುದಾದರೆ ಇನ್ನೂ 50 ಚದರ ಮೀಟರ್ ಬೇಕು. ಚಿಲ್ಲರೆ ಔಷಧ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಬೇಕು. ನೆಲಮಹಡಿಯ ಗೋಡೆಗಳು ಎದ್ದ ಮೇಲೆ ಈ ಅಳತೆಗಳನ್ನು ಹುಡುಕುವುದು ದುಬಾರಿಯಾಗುತ್ತದೆ.

2. ಜಾಗ ಆಸ್ಪತ್ರೆಗೆ ಸಲ್ಲುತ್ತದೆಯೇ ನೋಡಿ

ಕೃಷಿ ಜಮೀನಾಗಿದ್ದರೆ ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 95ನೇ ಪ್ರಕರಣದಂತೆ ಕೃಷಿಯೇತರ ಉದ್ದೇಶಕ್ಕೆ ಪರಿವರ್ತನೆ ಆಗಿರಬೇಕು. ಆದೇಶದಲ್ಲಿ ಬರೆದಿರುವ ಉದ್ದೇಶವನ್ನು ಗಮನವಿಟ್ಟು ಓದಿ, ಏಕೆಂದರೆ ವಾಸದ ಉದ್ದೇಶಕ್ಕೆ ಪರಿವರ್ತನೆಯಾದ ಜಮೀನು ತಾನಾಗಿ ಆಸ್ಪತ್ರೆಗೆ ಒದಗುವುದಿಲ್ಲ. ಇದು ಕಂದಾಯ ಇಲಾಖೆಯ ಮಾತು. ಇದಕ್ಕಿಂತ ಬೇರೆಯಾದದ್ದು ನಗರ ಯೋಜನೆಯ ಮಾತು: ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರ ಅಡಿಯಲ್ಲಿ ಮಾಸ್ಟರ್ ಪ್ಲಾನ್ ಇರುವ ಪ್ರದೇಶದಲ್ಲಿ, ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿ ಬಿದ್ದಿದೆ, ಆ ವಲಯದಲ್ಲಿ ಆಸ್ಪತ್ರೆಗೆ ಅವಕಾಶವಿದೆಯೇ, ಇದ್ದರೆ ಮುಂದಿನ ರಸ್ತೆ ಎಷ್ಟು ಅಗಲ ಇರಬೇಕು ಎಂಬುದನ್ನು ವಲಯ ನಿಯಮಾವಳಿ ಹೇಳುತ್ತದೆ. ವಲಯ ಹೊಂದದಿದ್ದರೆ ಅದೇ ಕಾಯ್ದೆಯ 14-ಎ ಪ್ರಕರಣದಂತೆ ಭೂ ಬಳಕೆ ಬದಲಾವಣೆಗೆ ಅರ್ಜಿ ಹಾಕಬೇಕಾಗುತ್ತದೆ. ಭೂ ಪರಿವರ್ತನೆ ಆದರೆ ಭೂ ಬಳಕೆಯೂ ಬದಲಾದಂತೆ ಎಂದು ಭಾವಿಸುವುದು ಈ ಹಂತದ ಅತಿ ಸಾಮಾನ್ಯ ತಪ್ಪು.

ರಸ್ತೆಯ ಅಗಲವನ್ನು ನಕ್ಷೆಯಲ್ಲಿ ನೋಡಿ ತೃಪ್ತರಾಗದೆ, ಸ್ಥಳದಲ್ಲಿ ಟೇಪ್ ಹಿಡಿದು ಅಳೆಯಿರಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಬಹುಮಹಡಿ ಕಟ್ಟಡದ ಮುಂದಿನ ರಸ್ತೆ 12 ಮೀಟರಿಗಿಂತ ಕಿರಿದಾಗಿರಬಾರದು, ಮತ್ತು ಅಗ್ನಿಶಾಮಕ ವಾಹನ ಸುತ್ತಲು ಬೇಕಾದ 6 ಮೀಟರ್ ಅಗಲದ ದಾರಿ 45 ಟನ್ ಭಾರವನ್ನು ತಡೆಯಬೇಕು. ಈ ಸಂಹಿತೆ ಸ್ವತಃ ಸಲಹಾರೂಪದ್ದು. ಸ್ಥಳೀಯ ಬೈಲಾಗಳು ಅದನ್ನು ಒಪ್ಪಿಕೊಂಡಾಗ ಅದಕ್ಕೆ ಕಾನೂನಿನ ಬಲ ಬರುತ್ತದೆ. ಅಧಿಕಾರಿಗಳು ಪರಿಶೀಲನೆಯ ಹೊತ್ತಿನಲ್ಲಿ ತೆರೆದಿಟ್ಟುಕೊಳ್ಳುವ ಪುಸ್ತಕ ಬಹುಮಟ್ಟಿಗೆ ಅದೇ ಆದ್ದರಿಂದ, ಅದನ್ನು ಕಡ್ಡಾಯವೆಂದೇ ಎಣಿಸಿ ವಿನ್ಯಾಸ ಮಾಡುವುದು ಕ್ಷೇಮ.

3. ವಿಸ್ತೀರ್ಣ ಮತ್ತು ಎತ್ತರದ ಗಡಿಗಳನ್ನು ಲೆಕ್ಕ ಹಾಕಿ

ಎರಡು ಸಂಖ್ಯೆಗಳು ನಿಮ್ಮ ಮುಂದಿನ ದಾರಿಯನ್ನು ನಿರ್ಧರಿಸುತ್ತವೆ.

ಮೊದಲನೆಯದು 20,000 ಚದರ ಮೀಟರ್. ಕೇಂದ್ರದ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ, ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ತಲುಪುವ ಕಟ್ಟಡ ಯೋಜನೆಗಳಿಗೆ ಪರಿಸರ ಪೂರ್ವಾನುಮತಿ ಬೇಕು. ಕೇಂದ್ರದ ಪರಿವೇಶ್ ಪೋರ್ಟಲ್ ಮೂಲಕ ಅರ್ಜಿ ಹೋಗುತ್ತದೆ. ರಾಜ್ಯ ಮಟ್ಟದ ತಜ್ಞರ ಸಮಿತಿ ಪರಿಶೀಲಿಸಿ ಶಿಫಾರಸು ಮಾಡುತ್ತದೆ, ರಾಜ್ಯ ಮಟ್ಟದ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರ ಅನುಮತಿ ನೀಡುತ್ತದೆ. ಇಲ್ಲಿ ಜನ ಎಡವುವುದು ಲೆಕ್ಕದಲ್ಲಿ. ಸ್ಥಳೀಯ ಸಂಸ್ಥೆಗೆ ಕೊಡುವ ನಕ್ಷೆಯಲ್ಲಿ ನೆಲ ವಿಸ್ತೀರ್ಣ ಅನುಪಾತ, ಅಂದರೆ ನಿವೇಶನದ ಅಳತೆಗೆ ಹೋಲಿಸಿ ಎಷ್ಟು ಕಟ್ಟಬಹುದೆಂಬ ಮಿತಿಯನ್ನು ಲೆಕ್ಕ ಹಾಕುವಾಗ ವಾಹನ ನಿಲುಗಡೆ, ಯಂತ್ರದ ಕೋಣೆ ಮುಂತಾದವನ್ನು ಸಾಮಾನ್ಯವಾಗಿ ಬಿಟ್ಟಿರುತ್ತಾರೆ. ಪರಿಸರ ಅನುಮತಿಯ ನಿರ್ಮಿತ ವಿಸ್ತೀರ್ಣದಲ್ಲಿ ನೆಲಮಾಳಿಗೆಯೂ ಸೇವಾ ಪ್ರದೇಶಗಳೂ ಸೇರಿದಂತೆ ಎಲ್ಲ ಮಹಡಿಗಳೂ ಲೆಕ್ಕಕ್ಕೆ ಬರುತ್ತವೆ. ಮೊದಲ ಲೆಕ್ಕದಲ್ಲಿ 15,000 ತೋರಿಸುವ ಕಟ್ಟಡ ಎರಡನೆಯ ಲೆಕ್ಕದಲ್ಲಿ 20,000 ದಾಟಬಹುದು. ‘ಪೂರ್ವಾನುಮತಿ’ಯ ಅರ್ಥವೂ ಕಟ್ಟುನಿಟ್ಟಾದದ್ದು: ಜಾಗಕ್ಕೆ ಬೇಲಿ ಹಾಕಿ ಭದ್ರಪಡಿಸುವುದನ್ನು ಬಿಟ್ಟರೆ, ನಿರ್ಮಾಣವಿರಲಿ, ನೆಲ ಸಿದ್ಧಪಡಿಸುವ ಕೆಲಸವನ್ನೂ ಅನುಮತಿಗೆ ಮೊದಲು ಆರಂಭಿಸುವಂತಿಲ್ಲ.

ಎರಡನೆಯದು 15 ಮೀಟರ್. ಕಟ್ಟಡ ಸಂಹಿತೆ 15 ಮೀಟರ್ ಹಾಗೂ ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಕಟ್ಟಡವೆಂದು ಪರಿಗಣಿಸುತ್ತದೆ. ಅಗ್ನಿಶಾಮಕ ನಿರಾಕ್ಷೇಪಣಾ ಪತ್ರಕ್ಕೆ ರಾಜ್ಯಗಳು ತಮ್ಮದೇ ಎತ್ತರದ ಮಿತಿ ಇಟ್ಟುಕೊಳ್ಳಬಹುದು, ಆದ್ದರಿಂದ ಚಾಲ್ತಿಯಲ್ಲಿರುವ ಆದೇಶವನ್ನು ಕೇಳಿ ತಿಳಿದುಕೊಳ್ಳಿ. ಪತ್ರ ಬೇಕಾಗದಷ್ಟು ತಗ್ಗಿನ ಕಟ್ಟಡ ಎಂದು ಸುರಕ್ಷತೆಯ ಏರ್ಪಾಡುಗಳನ್ನು ಬಿಡುವ ಯೋಚನೆ ಬೇಡ.

ವಿಮಾನ ನಿಲ್ದಾಣದ ಸುತ್ತಮುತ್ತ ಜಾಗವಿದ್ದರೆ ವಿಮಾನ ನಿಲ್ದಾಣ ಪ್ರಾಧಿಕಾರದ ಬಣ್ಣದ ವಲಯ ನಕ್ಷೆಯನ್ನು ನೋಡಿ, ನಿಮ್ಮ ನಿವೇಶನದಲ್ಲಿ ಎಷ್ಟು ಎತ್ತರಕ್ಕೆ ಅವಕಾಶವಿದೆ ಎಂದು ಈಗಲೇ ತಿಳಿಯಿರಿ. ಈ ಎತ್ತರವನ್ನು ಸಮುದ್ರ ಮಟ್ಟದಿಂದ ಎಣಿಸಲಾಗುತ್ತದೆ, ಮತ್ತು ಚಾವಣಿಯ ಮೇಲಿನ ನೀರಿನ ಟ್ಯಾಂಕ್, ಲಿಫ್ಟ್ ಕೋಣೆ, ಸಿಡಿಲು ತಡೆಯುವ ಕಂಬ ಎಲ್ಲವೂ ಅದರಲ್ಲಿ ಸೇರುತ್ತವೆ. ರಕ್ಷಣಾ ಪಡೆಗಳ ವಿಮಾನ ನೆಲೆ ಹತ್ತಿರವಿದ್ದರೆ ಅವರ ಅನುಮತಿ ಬೇರೆ.

4. ಎಲ್ಲ ಇಲಾಖೆಗಳಿಗೂ ಹೋಗುವ ಒಂದೇ ನಕ್ಷೆಯನ್ನು ಸಿದ್ಧಪಡಿಸಿ

ನಿಜವಾದ ಪರಿಶ್ರಮ ಇರುವುದು ಇಲ್ಲಿ. ಮುಂದಿನ ಹಂತಗಳಲ್ಲಿ ಬರುವ ಆಕ್ಷೇಪಣೆಗಳಿಗೆ ಇಲ್ಲೇ ಉತ್ತರ ಕೊಟ್ಟಿದ್ದರೆ ಉಳಿದದ್ದು ಬಹುಪಾಲು ಕಾಗದದ ಓಡಾಟ ಮಾತ್ರ.

ಬೆಂಕಿಯ ವಿಚಾರದಲ್ಲಿ ಆಸ್ಪತ್ರೆ ಬೇರೆಲ್ಲ ಕಟ್ಟಡಗಳಿಂದ ಭಿನ್ನ. ಕಚೇರಿಯಲ್ಲಿ ಗಂಟೆ ಬಾರಿಸಿದರೆ ಜನ ಎದ್ದು ಮೆಟ್ಟಿಲಿಳಿಯುತ್ತಾರೆ. ವೆಂಟಿಲೇಟರ್‌ನಲ್ಲಿರುವ ರೋಗಿ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವ ರೋಗಿ, ನವಜಾತ ಶಿಶು ಇಳಿಯಲಾರರು. ಆದ್ದರಿಂದ ಪರಿಶೀಲಕರು ಮೊದಲು ಹುಡುಕುವುದು ಅಡ್ಡ ಸ್ಥಳಾಂತರದ ವ್ಯವಸ್ಥೆಯನ್ನು: ಒಂದೇ ಮಹಡಿಯನ್ನು ಬೆಂಕಿ ತಡೆಯುವ ಗೋಡೆ ಮತ್ತು ಬಾಗಿಲುಗಳಿಂದ ವಿಭಾಗಿಸಿ, ಒಂದು ಭಾಗದಲ್ಲಿ ಹೊಗೆ ತುಂಬಿದರೆ ಹಾಸಿಗೆ ಸಮೇತ ರೋಗಿಯನ್ನು ಪಕ್ಕದ ಭಾಗಕ್ಕೆ ತಳ್ಳಿಕೊಂಡು ಹೋಗುವಂತಿರಬೇಕು. ಹಾಸಿಗೆ ತಿರುಗಲು ಬೇಕಾದ ಅಗಲ ಇದರಿಂದಲೇ ಬಂದದ್ದು. ಸಂಹಿತೆಯಂತೆ ಆಸ್ಪತ್ರೆಯ ಕಾರಿಡಾರ್ 2.4 ಮೀಟರ್, ಮೆಟ್ಟಿಲು 2 ಮೀಟರ್ ಅಗಲ ಇರಬೇಕು. ಈ ಅಳತೆ ಸುಣ್ಣಗಾರೆ ಮತ್ತು ಕೈಹಿಡಿ ಹಳಿಗಳೆಲ್ಲ ಮುಗಿದ ನಂತರ ಉಳಿಯಬೇಕಾದ ಅಗಲ ಎಂಬುದನ್ನು ಗುತ್ತಿಗೆದಾರರಿಗೆ ಬರೆದು ಕೊಡಿ. ನಕ್ಷೆಯಲ್ಲಿ ಸರಿಯಾಗಿದ್ದ ಕಾರಿಡಾರ್, ಗೋಡೆಯ ಮೇಲೆ ಟೈಲ್ಸ್ ಮತ್ತು ಹಳಿ ಕೂರಿಸಿದ ಮೇಲೆ ಕೆಲವು ಸೆಂಟಿಮೀಟರ್ ಕಡಿಮೆಯಾಗಿ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ.

ನೆಲಮಾಳಿಗೆಯ ಬಳಕೆಯ ಬಗ್ಗೆ ಇಲಾಖೆಗಳು ಬಿಗಿಯಾಗಿರುವುದಕ್ಕೆ ಕಾರಣವಿದೆ. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಆಮ್ರಿ ಆಸ್ಪತ್ರೆಯಲ್ಲಿ ಸುಮಾರು 90 ಜನ ಸತ್ತರು. ಬೆಂಕಿ ಹೊತ್ತಿದ್ದು ಸುಡುವ ವಸ್ತುಗಳನ್ನು ತುಂಬಿಟ್ಟಿದ್ದ ನೆಲಮಾಳಿಗೆಯಲ್ಲಿ. ಹೆಚ್ಚಿನವರು ಸತ್ತದ್ದು ಮೇಲಿನ ಮಹಡಿಗಳಿಗೆ ಹಬ್ಬಿದ ಹೊಗೆಯಿಂದ ಉಸಿರುಗಟ್ಟಿ. ವಾಹನ ನಿಲುಗಡೆ ಎಂದು ಮಂಜೂರಾದ ನೆಲಮಾಳಿಗೆಯನ್ನು ಔಷಧ ದಾಸ್ತಾನಿಗೋ ಲಾಂಡ್ರಿಗೋ ಬಳಸುವ ಉದ್ದೇಶವಿದ್ದರೆ ಅದನ್ನು ನಕ್ಷೆಯಲ್ಲೇ ತೋರಿಸಿ ಅನುಮತಿ ಕೇಳಿ. ಸಿಗದಿದ್ದರೆ ಆ ಬಳಕೆಯನ್ನೇ ಬಿಡಿ.

ರಚನೆಯ ವಿಚಾರದಲ್ಲಿ, ಭೂಕಂಪ ತಡೆಯುವ ವಿನ್ಯಾಸದ ಭಾರತೀಯ ಮಾನಕ ಐಎಸ್ 1893, ಅದರ 2016ರ ಆವೃತ್ತಿಯಲ್ಲಿ, ಆಸ್ಪತ್ರೆಗಳಿಗೆ 1.5ರ ಪ್ರಾಮುಖ್ಯ ಗುಣಾಂಕವನ್ನು ವಿಧಿಸುತ್ತದೆ. ಸಾಮಾನ್ಯ ಕಟ್ಟಡಕ್ಕೆ ಲೆಕ್ಕ ಹಾಕುವ ಭೂಕಂಪ ಬಲವನ್ನು ಒಂದೂವರೆ ಪಟ್ಟು ಮಾಡಿ ಕಂಬ ಮತ್ತು ತೊಲೆಗಳನ್ನು ವಿನ್ಯಾಸ ಮಾಡಬೇಕು ಎಂದು ಇದರ ಅರ್ಥ. 2001ರ ಜನವರಿ 26ರ ಭೂಕಂಪದಲ್ಲಿ ಭುಜ್‌ನ ಸಿವಿಲ್ ಆಸ್ಪತ್ರೆಯೇ ಕುಸಿದಾಗ ಗಾಯಾಳುಗಳನ್ನು ಬಯಲಿನಲ್ಲಿ ನೋಡಬೇಕಾಯಿತು. ಅವಘಡದ ನಂತರವೂ ನಿಂತಿರಲೇಬೇಕಾದ ಕಟ್ಟಡ ಇದು. ಕರ್ನಾಟಕದಲ್ಲಿ ಭೂಕಂಪದ ಅಪಾಯ ಕಡಿಮೆ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಈ ಗುಣಾಂಕವನ್ನು 1 ಎಂದು ಹಿಡಿದಿದ್ದರೆ ಲೆಕ್ಕವನ್ನು ವಾಪಸು ಕಳುಹಿಸಿ.

ವಿಕಿರಣ ಬಳಸುವ ಕೋಣೆಗಳನ್ನು ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಹಾಕಿರುವ ನಿಯಮದಂತೆ ಕೂರಿಸಬೇಕು. ಎಕ್ಸ್‌ರೇ ಕೋಣೆ ಹೆರಿಗೆ ಮತ್ತು ಮಕ್ಕಳ ವಾರ್ಡುಗಳಿಂದ ಹಾಗೂ ಜನಸಂಚಾರ ಹೆಚ್ಚಿರುವ ಕಡೆಯಿಂದ ಆದಷ್ಟು ದೂರವಿರಬೇಕು; ಗೋಡೆಗಳು ಸಾಮಾನ್ಯವಾಗಿ 23 ಸೆಂಟಿಮೀಟರ್ ದಪ್ಪದ ಇಟ್ಟಿಗೆಯವು ಅಥವಾ ಅಷ್ಟೇ ತಡೆಯುವ ಬೇರೆ ವಸ್ತುವಿನವು ಆಗಿರಬೇಕು; ರಕ್ಷಣೆಯಿಲ್ಲದ ಕಿಟಕಿ ಹೊರಗಿನ ನೆಲಮಟ್ಟದಿಂದ 2 ಮೀಟರ್ ಮೇಲಿರಬೇಕು. ವಿಕಿರಣ ಚಿಕಿತ್ಸೆ ಮತ್ತು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳಿಗೆ ಕಟ್ಟುವ ಮೊದಲೇ ವಿನ್ಯಾಸದ ಅನುಮೋದನೆ ಬೇಕು. ವಿಕಿರಣ ಚಿಕಿತ್ಸೆಯ ಯಂತ್ರವಾದ ಲೀನಿಯರ್ ಆಕ್ಸಿಲರೇಟರ್ ಇಡುವ ಕೋಣೆಯ ಕಾಂಕ್ರೀಟ್ ಗೋಡೆ ಕೆಲವೆಡೆ 2 ಮೀಟರ್ ದಾಟುತ್ತದೆ, ಹಾಗಾಗಿ ಅಡಿಪಾಯವೇ ಬೇರೆಯಾಗುತ್ತದೆ. ಎಂಆರ್‌ಐ ಯಂತ್ರಕ್ಕೆ ಎಇಆರ್‌ಬಿ ಪರವಾನಗಿ ಬೇಕಿಲ್ಲ, ಅದು ಕಾಂತಕ್ಷೇತ್ರದಿಂದ ಕೆಲಸ ಮಾಡುತ್ತದೆ. ಆದರೂ ಟನ್‌ಗಟ್ಟಲೆ ತೂಗುವ ಆ ಯಂತ್ರವನ್ನು ಒಳಗೆ ತರುವ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿಡಿ. ಗೋಡೆ ಒಡೆದು ಯಂತ್ರ ಒಳಸೇರಿಸಿದ ಆಸ್ಪತ್ರೆಗಳು ಕಡಿಮೆಯೇನಿಲ್ಲ.

ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರ 44ನೇ ಪ್ರಕರಣದ ಪ್ರಕಾರ, ಸುಗಮ ಪ್ರವೇಶದ ಮಾನದಂಡಗಳಿಗೆ ಹೊಂದದ ನಕ್ಷೆಗೆ ಅನುಮತಿ ನೀಡುವಂತಿಲ್ಲ. ಇಳಿಜಾರು ದಾರಿ 12 ಅಡಿ ಉದ್ದಕ್ಕೆ 1 ಅಡಿ ಏರಿಕೆಗಿಂತ ಕಡಿದಾಗಿರಬಾರದು. ಜೈವಿಕ ವೈದ್ಯಕೀಯ ತ್ಯಾಜ್ಯದ ಸಂಗ್ರಹ ಕೋಣೆ, ಅದರ ಗಾಡಿ ಬರುವ ಪ್ರತ್ಯೇಕ ದಾರಿ, ಪ್ರಯೋಗಾಲಯ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಗಳ ದ್ರವ ತ್ಯಾಜ್ಯವನ್ನು ಚರಂಡಿಗೆ ಸೇರುವ ಮುನ್ನ ಶುದ್ಧೀಕರಿಸುವ ಘಟಕ, ಇವುಗಳಿಗೂ ಈಗಲೇ ಜಾಗ ಕೊಡಿ.

5. ನಕ್ಷೆಗೆ ಮೊದಲಿನ ನಿರಾಕ್ಷೇಪಣಾ ಪತ್ರಗಳು

ನಿರಾಕ್ಷೇಪಣಾ ಪತ್ರ, ರೂಢಿಯಲ್ಲಿ ಎನ್‌ಒಸಿ, ಎಂದರೆ ತನ್ನ ವ್ಯಾಪ್ತಿಯ ಮಟ್ಟಿಗೆ ಅಡ್ಡಿಯಿಲ್ಲ ಎಂದು ಒಂದು ಇಲಾಖೆ ಷರತ್ತುಗಳೊಂದಿಗೆ ಕೊಡುವ ಪತ್ರ. ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ, ಅಗತ್ಯವಿದ್ದಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ, ನೀರು ಮತ್ತು ಒಳಚರಂಡಿ ಸಂಸ್ಥೆ, ವಿದ್ಯುತ್ ಸರಬರಾಜು ಕಂಪನಿ, ಇವು ಈ ಗುಂಪಿನಲ್ಲಿ ಬರುತ್ತವೆ. ಇವುಗಳ ಜೊತೆಗೆ ಜಲ ಕಾಯ್ದೆ 1974 ಮತ್ತು ವಾಯು ಕಾಯ್ದೆ 1981ರ ಅಡಿಯಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನಾ ಸಮ್ಮತಿ ಪಡೆಯಬೇಕು. ಇದನ್ನು ಕಚೇರಿಗಳಲ್ಲಿ ಸಿಎಫ್‌ಇ ಎನ್ನುತ್ತಾರೆ. ಕಟ್ಟಡ ಮುಗಿದ ಮೇಲೆ ಇದೇ ಮಂಡಳಿಯಿಂದ ಕಾರ್ಯಾಚರಣೆಯ ಸಮ್ಮತಿ ಪಡೆಯಬೇಕು, ಅದು ಸಿಎಫ್‌ಒ.

ಎಲ್ಲ ಅರ್ಜಿಗಳನ್ನು ಒಟ್ಟಿಗೆ ಹಾಕಬಹುದು, ಒಂದರ ಫಲಿತಾಂಶಕ್ಕೆ ಇನ್ನೊಂದು ಕಾಯಬೇಕಿಲ್ಲ. ಷರತ್ತು ಇಷ್ಟೇ: ಒಂದು ಇಲಾಖೆ ನಕ್ಷೆಯಲ್ಲಿ ಬದಲಾವಣೆ ಕೇಳಿದರೆ, ತಿದ್ದಿದ ನಕ್ಷೆ ಅದೇ ವಾರ ಉಳಿದೆಲ್ಲ ಕಚೇರಿಗಳಿಗೂ ಹೋಗಬೇಕು. ಪ್ರತಿ ಹಾಳೆಯ ಮೂಲೆಯಲ್ಲಿ ಪರಿಷ್ಕರಣೆಯ ಸಂಖ್ಯೆ ಮತ್ತು ದಿನಾಂಕ ಹಾಕಿ, ಯಾವ ಕಚೇರಿಗೆ ಯಾವ ಪರಿಷ್ಕರಣೆ ಹೋಗಿದೆ ಎಂಬ ಪುಟ್ಟ ದಾಖಲೆ ಇಟ್ಟುಕೊಳ್ಳಿ. ಅಗ್ನಿಶಾಮಕದವರು ಕೇಳಿದ ಹೆಚ್ಚುವರಿ ಮೆಟ್ಟಿಲು ಸ್ಥಳೀಯ ಸಂಸ್ಥೆಯ ನಕ್ಷೆಯಲ್ಲಿ ಇಲ್ಲದಿದ್ದರೆ, ಅದು ಮುಂದೆ ‘ಅನುಮತಿ ಮೀರಿದ ನಿರ್ಮಾಣ’ ಎಂದು ದಾಖಲಾಗುತ್ತದೆ. ಸುರಕ್ಷತೆಗಾಗಿ ಕಟ್ಟಿದ್ದು ಎಂಬ ವಾದ ಅಲ್ಲಿ ನಡೆಯುವುದಿಲ್ಲ.

6. ನಕ್ಷೆ ಮಂಜೂರಾತಿ

ನಗರ ಪಾಲಿಕೆ, ನಗರಸಭೆ, ಪುರಸಭೆ, ಯೋಜನಾ ಪ್ರಾಧಿಕಾರ ಅಥವಾ ಗ್ರಾಮ ಪಂಚಾಯಿತಿ, ಜಾಗ ಯಾರ ವ್ಯಾಪ್ತಿಗೆ ಬರುತ್ತದೋ ಅವರಿಗೆ ಅರ್ಜಿ. ದಾಖಲೆಗಳ ಪರಿಶೀಲನೆ, ಸ್ಥಳ ಪರಿಶೀಲನೆ, ತಾಂತ್ರಿಕ ಪರಿಶೀಲನೆ, ಶುಲ್ಕದ ಬೇಡಿಕೆ, ಮಂಜೂರಾತಿ ಎಂಬ ಕ್ರಮದಲ್ಲಿ ಫೈಲು ಸಾಗುತ್ತದೆ. ಶುಲ್ಕಗಳ ಜೊತೆಗೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಸೆಸ್ ಕಟ್ಟಬೇಕು.

ಆಕ್ಷೇಪಣೆ ಬಂದಾಗ ಎಲ್ಲವಕ್ಕೂ ಒಂದೇ ಉತ್ತರದಲ್ಲಿ, ಅವರು ಕೊಟ್ಟ ಕ್ರಮಸಂಖ್ಯೆಯಲ್ಲೇ, ಯಾವ ಹಾಳೆಯಲ್ಲಿ ಏನು ತಿದ್ದಿದ್ದೀರಿ ಎಂದು ತೋರಿಸಿ ಬರೆಯಿರಿ. ಬಾಯಿಮಾತಿನಲ್ಲಿ ಸಿಕ್ಕ ಒಪ್ಪಿಗೆಗೆ ಬೆಲೆಯಿಲ್ಲ. ಅಧಿಕಾರಿ ವರ್ಗವಾದರೆ ಅದು ಅವರ ಜೊತೆಗೇ ಹೋಗುತ್ತದೆ. ಮಂಜೂರಾದ ನಕ್ಷೆಯ ಹಿಂದೆ ಅಥವಾ ಜೊತೆಗಿನ ಪತ್ರದಲ್ಲಿ ಷರತ್ತುಗಳ ಪಟ್ಟಿ ಇರುತ್ತದೆ. ಪರಿಸರ ಅನುಮತಿ ಬಂದ ನಂತರವೇ ಕೆಲಸ ಆರಂಭಿಸಬೇಕು ಎಂಬ ಷರತ್ತು ಇರುವುದೂ ಉಂಟು. ಆರಂಭದಲ್ಲಿ ಹೇಳಿದ ‘ಇನ್ನೂ ಇಲ್ಲ’ ಎಂಬ ಉತ್ತರ ಬಹಳ ಸಲ ಬರುವುದು ಈ ಪಟ್ಟಿಯನ್ನು ಓದಿದಾಗ.

7. ನಿರ್ಮಾಣದ ಅವಧಿ

ನಿಮ್ಮ ಸ್ಥಳೀಯ ಸಂಸ್ಥೆಯ ಬೈಲಾದಲ್ಲಿ ಪ್ರಾರಂಭ ಪ್ರಮಾಣಪತ್ರದ ವ್ಯವಸ್ಥೆ ಇದ್ದರೆ, ಗುರುತು ಹಾಕಿದ ಅಡಿಪಾಯ ನಕ್ಷೆಯಂತಿದೆ ಎಂದು ಎಂಜಿನಿಯರ್ ಬಂದು ನೋಡಿದ ಮೇಲೆ ಅದು ಸಿಗುತ್ತದೆ. ಮಂಜೂರಾದ ನಕ್ಷೆಯ ಪ್ರತಿಯನ್ನು ಸ್ಥಳದಲ್ಲಿ ಪ್ರದರ್ಶಿಸಿ. ಗೋಡೆಯೊಳಗೆ ಅಥವಾ ಫಾಲ್ಸ್ ಸೀಲಿಂಗ್ ಮೇಲೆ ಮರೆಯಾಗುವ ಪ್ರತಿಯೊಂದನ್ನೂ ಮುಚ್ಚುವ ಮೊದಲು ದಿನಾಂಕ ಸಹಿತ ಚಿತ್ರ ತೆಗೆದಿಡಿ: ಬೆಂಕಿ ತಡೆಯುವ ಗೋಡೆಯಲ್ಲಿ ಪೈಪು ದಾಟುವ ಕಡೆ ಹಾಕಿದ ಸೀಲ್, ಆಮ್ಲಜನಕದ ಕೊಳವೆಯ ಒತ್ತಡ ಪರೀಕ್ಷೆ, ಎಕ್ಸ್‌ರೇ ಕೋಣೆಯ ಬಾಗಿಲಿಗೆ ಹಾಕಿದ ಸೀಸದ ಹಾಳೆ. ಸೀಲಿಂಗ್ ಬಿಚ್ಚಿ ತೋರಿಸಿ ಎಂದು ತಪಾಸಕರು ಕೇಳಿದಾಗ ಈ ಚಿತ್ರಗಳು ಕೆಲಸಕ್ಕೆ ಬರುತ್ತವೆ.

ವೈದ್ಯರು ಸ್ಥಳಕ್ಕೆ ಭೇಟಿ ಕೊಟ್ಟಾಗಲೆಲ್ಲ ಒಂದೊಂದು ಬದಲಾವಣೆ ಸೂಚಿಸುವುದು ಆಸ್ಪತ್ರೆ ನಿರ್ಮಾಣದಲ್ಲಿ ನಡೆದೇ ನಡೆಯುತ್ತದೆ. ವಾರ್ಡಿನೊಳಗೆ ಒಂದು ಅಡ್ಡಗೋಡೆ ಸರಿಸುವುದು ಒಂದು ಬಗೆ. ಐಸಿಯು ಅನ್ನು ಬೇರೆ ಮಹಡಿಗೆ ಒಯ್ಯುವುದು, ಮೆಟ್ಟಿಲಿನ ಜಾಗದಲ್ಲಿ ಲಿಫ್ಟ್ ಹಾಕುವುದು, ಸೆಟ್‌ಬ್ಯಾಕ್‌ನಲ್ಲಿ, ಎಂದರೆ ಗಡಿಯಿಂದ ಬಿಡಬೇಕಾದ ತೆರವು ಜಾಗದಲ್ಲಿ, ಜನರೇಟರ್ ಶೆಡ್ ಕಟ್ಟುವುದು ಇನ್ನೊಂದು ಬಗೆ. ಎರಡನೆಯ ಬಗೆಯದ್ದಕ್ಕೆ ಪರಿಷ್ಕೃತ ನಕ್ಷೆಗೆ ಅನುಮತಿ ಪಡೆದ ನಂತರವೇ ಕೈಹಾಕಿ. ತೆರವು ಜಾಗದಲ್ಲಿನ ಶೆಡ್ ಅಗ್ನಿಶಾಮಕ ವಾಹನದ ದಾರಿಯನ್ನೇ ಮುಚ್ಚುವುದರಿಂದ, ಎರಡು ಇಲಾಖೆಗಳು ಒಂದೇ ತಪ್ಪಿಗೆ ಬೇರೆ ಬೇರೆಯಾಗಿ ತಡೆಹಾಕುತ್ತವೆ.

8. ಯಂತ್ರೋಪಕರಣಗಳ ಅನುಮತಿ

ಹೈಟೆನ್ಷನ್ ಸಂಪರ್ಕ, ಟ್ರಾನ್ಸ್‌ಫಾರ್ಮರ್ ಮತ್ತು ಜನರೇಟರ್‌ಗಳ ನಕ್ಷೆಗೆ ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಪಡೆದು, ಅಳವಡಿಸಿದ ಮೇಲೆ ತಪಾಸಣೆ ಮಾಡಿಸಬೇಕು. ಲಿಫ್ಟ್‌ಗಳಿಗೆ ಕರ್ನಾಟಕದ 2012ರ ಲಿಫ್ಟ್ ಕಾಯ್ದೆಯಂತೆ ಅಳವಡಿಸುವ ಮೊದಲು ಅನುಮತಿ, ಓಡಿಸುವ ಮೊದಲು ಪರವಾನಗಿ ಬೇಕು. ಸ್ಟ್ರೆಚರ್ ಹಿಡಿಸದ ಲಿಫ್ಟ್‌ಗೆ ಪರವಾನಗಿ ಸಿಕ್ಕರೂ ಆಸ್ಪತ್ರೆಗೆ ಅದರಿಂದ ಪ್ರಯೋಜನವಿಲ್ಲ.

ದ್ರವ ಆಮ್ಲಜನಕದ ಟ್ಯಾಂಕ್ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ, ಅಂದರೆ ಪೆಸೊದ, ವ್ಯಾಪ್ತಿಗೆ ಬರುತ್ತದೆ. ಒತ್ತಡದ ಪಾತ್ರೆಗಳ 2016ರ ನಿಯಮಗಳಂತೆ 1,000 ಲೀಟರ್ ಮೀರಿದ ಟ್ಯಾಂಕಿಗೆ ಪರವಾನಗಿ ಬೇಕು. ಸುತ್ತಲೂ ಬಿಡಬೇಕಾದ ಸುರಕ್ಷತಾ ಅಂತರ ನಿವೇಶನದೊಳಗೇ ಸಿಗಬೇಕಾದ್ದರಿಂದ ಟ್ಯಾಂಕಿನ ಜಾಗವನ್ನು ನಾಲ್ಕನೆಯ ಹಂತದಲ್ಲೇ ಗುರುತಿಸಿರಬೇಕು, ಟ್ಯಾಂಕರ್ ಲಾರಿ ಬಂದು ನಿಲ್ಲುವ ಜಾಗವೂ ಸೇರಿ. ಜನರೇಟರ್‌ಗೆ ಡೀಸೆಲ್ ಸಂಗ್ರಹಿಸುವುದಾದರೆ, ಒಟ್ಟು 2,500 ಲೀಟರ್ ಒಳಗೆ, ಮತ್ತು ಯಾವ ಪಾತ್ರೆಯೂ 1,000 ಲೀಟರ್ ಮೀರದಂತೆ ಇದ್ದರೆ ಪೆಸೊ ಪರವಾನಗಿಯ ಅಗತ್ಯ ಬರುವುದಿಲ್ಲ.

9. ಅಂತಿಮ ಅಗ್ನಿಶಾಮಕ ತಪಾಸಣೆ ಮತ್ತು ಸ್ವಾಧೀನಾನುಭವ ಪತ್ರ

ಮೊದಲು ಪಡೆದ ನಿರಾಕ್ಷೇಪಣಾ ಪತ್ರ ನಕ್ಷೆಗೆ ಸಂಬಂಧಿಸಿದ್ದು. ಕಟ್ಟಡ ಪೂರ್ಣಗೊಂಡ ಮೇಲೆ ಅಗ್ನಿಶಾಮಕ ಇಲಾಖೆ ಮತ್ತೊಮ್ಮೆ ಬಂದು, ಪಂಪು ಚಾಲೂ ಮಾಡಿಸಿ, ಹೈಡ್ರಂಟ್‌ನಲ್ಲಿ ಒತ್ತಡ ನೋಡಿ, ಹೊಗೆ ಪತ್ತೆ ಯಂತ್ರ ಪರೀಕ್ಷಿಸಿ, ನಂತರ ಕ್ಲಿಯರೆನ್ಸ್ ಪ್ರಮಾಣಪತ್ರ ಕೊಡುತ್ತದೆ. ಮೊದಲ ಪತ್ರವನ್ನೇ ಅಂತಿಮವೆಂದು ಭಾವಿಸಿ ಉದ್ಘಾಟನೆಯ ದಿನ ಗೊತ್ತು ಮಾಡಿದವರು ಆಮೇಲೆ ಆಹ್ವಾನ ಪತ್ರಿಕೆಯನ್ನು ಎರಡನೆಯ ಸಲ ಅಚ್ಚು ಹಾಕಿಸಬೇಕಾಗುತ್ತದೆ.

ಸ್ವಾಧೀನಾನುಭವ ಪತ್ರ, ಅಂದರೆ ಒಸಿ, ಕಟ್ಟಡವನ್ನು ಮಂಜೂರಾದ ನಕ್ಷೆಯಂತೆ ಕಟ್ಟಲಾಗಿದೆ, ಬಳಸಬಹುದು ಎಂದು ಸ್ಥಳೀಯ ಸಂಸ್ಥೆ ನೀಡುವ ದಾಖಲೆ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪೂರ್ಣಗೊಂಡ ಅಥವಾ ಸ್ವಾಧೀನಾನುಭವದ ಪ್ರಮಾಣಪತ್ರ ತೋರಿಸಿದ ನಂತರವೇ ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಆ ಪತ್ರವನ್ನು ಪರಿಶೀಲಿಸಿಯೇ ಕಟ್ಟಡದ ಮೇಲೆ ಸಾಲ ನೀಡಬೇಕು ಎಂದು ನಿರ್ದೇಶಿಸಿದೆ. ಹಿಂದೆ ತಾತ್ಕಾಲಿಕ ಸಂಪರ್ಕದಲ್ಲೇ ವರ್ಷಗಟ್ಟಲೆ ಆಸ್ಪತ್ರೆ ನಡೆಸಿದವರ ಉದಾಹರಣೆಯನ್ನು ನಂಬಿ ಯೋಜನೆ ಹಾಕಬೇಡಿ.

10. ಚಿಕಿತ್ಸೆ ಆರಂಭಿಸುವ ಅನುಮತಿಗಳು

ಮುಖ್ಯವಾದದ್ದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರ ಅಡಿಯ ನೋಂದಣಿ. ಎಲ್ಲರ ಬಾಯಲ್ಲಿ ಇದು ಕೆಪಿಎಂಇ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ನೋಂದಣಿ ನೀಡುತ್ತದೆ; ಅರ್ಜಿಯ ಕೆಲಸ ನಡೆಯುವುದು ಜಿಲ್ಲಾ ಆರೋಗ್ಯ ಅಧಿಕಾರಿಗಳ ಕಚೇರಿಯಲ್ಲಿ; ಅವಧಿ 5 ವರ್ಷ. ಸ್ಥಳಾವಕಾಶ, ಸಿಬ್ಬಂದಿ, ಸಲಕರಣೆ ಮೂರನ್ನೂ ತಪಾಸಣೆಯಲ್ಲಿ ನೋಡುತ್ತಾರೆ, ಹಾಗಾಗಿ ವೈದ್ಯರು ಮತ್ತು ದಾದಿಯರ ನೇಮಕಾತಿ ಪತ್ರ ಹಾಗೂ ಅವರ ವೈದ್ಯಕೀಯ ಅಥವಾ ನರ್ಸಿಂಗ್ ಮಂಡಳಿ ನೋಂದಣಿಯ ಪ್ರತಿಗಳು ಆ ಹೊತ್ತಿಗೆ ಸಿದ್ಧವಿರಬೇಕು.

ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು 2016ರಂತೆ ಮಾಲಿನ್ಯ ಮಂಡಳಿಯಿಂದ ಅಧಿಕಾರ ಪತ್ರ ಬೇಕು. ಸಾಮೂಹಿಕ ತ್ಯಾಜ್ಯ ಸಂಸ್ಕರಣಾ ಘಟಕದ ಸೇವೆ 75 ಕಿಲೋಮೀಟರ್ ಒಳಗೆ ಲಭ್ಯವಿದ್ದರೆ ಆಸ್ಪತ್ರೆ ತನ್ನದೇ ಸಂಸ್ಕರಣಾ ಘಟಕ ಹಾಕುವಂತಿಲ್ಲ, ಆ ಘಟಕದೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ಅಂಗಾಂಶ, ರಕ್ತಸಿಕ್ತ ಬಟ್ಟೆಯಂತಹ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆ ಮೀರಿ ಇಡುವಂತಿಲ್ಲ, ಆದ್ದರಿಂದ ಗಾಡಿ ವಾರಕ್ಕೆ ಎಷ್ಟು ಸಲ ಬರುತ್ತದೆ ಎಂಬುದನ್ನು ಒಪ್ಪಂದದಲ್ಲಿ ಬರೆಸಿ.

ಎಕ್ಸ್‌ರೇ ಮತ್ತು ಸಿಟಿ ಯಂತ್ರಗಳ ಪರವಾನಗಿಗೆ ಎಇಆರ್‌ಬಿಯ ಇ-ಲೋರಾ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಯಂತ್ರಕ್ಕೆ 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯ ನೋಂದಣಿ ಬೇಕು. ಈ ಕಾಯ್ದೆಯಲ್ಲಿ ಕಾಗದದ ತಪ್ಪಿಗೂ ಯಂತ್ರ ಜಪ್ತಿಯಾಗಬಹುದು, ಆದ್ದರಿಂದ ನೋಂದಣಿ ಕೈಸೇರುವ ಮೊದಲು ಯಂತ್ರವನ್ನು ಬಳಸಲೇಬೇಡಿ. ಔಷಧ ಅಂಗಡಿ, ರಕ್ತ ಕೇಂದ್ರ, ಅಂಗಾಂಗ ಕಸಿ ಇವುಗಳಿಗೆ ಆಯಾ ಕಾಯ್ದೆಯ ಪರವಾನಗಿಗಳು ಪ್ರತ್ಯೇಕ.

ಇರುವ ಕಟ್ಟಡವನ್ನು ಆಸ್ಪತ್ರೆ ಮಾಡುವುದಾದರೆ

ಮನೆ ಅಥವಾ ವಾಣಿಜ್ಯ ಕಟ್ಟಡವನ್ನು ಬಾಡಿಗೆಗೆ ಪಡೆದು ನರ್ಸಿಂಗ್ ಹೋಂ ತೆರೆಯುವವರು, ಕಟ್ಟಡ ಹೊಸದಲ್ಲದ್ದರಿಂದ ಮೊದಲ ಒಂಬತ್ತು ಹಂತ ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುತ್ತಾರೆ. ಬಳಕೆಯ ಬದಲಾವಣೆಗೂ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಸ್ವಾಧೀನಾನುಭವ ಪತ್ರದಲ್ಲಿ ವಾಸ ಎಂದಿದ್ದರೆ ಅದು ಆಸ್ಪತ್ರೆಗೆ ನಡೆಯುವುದಿಲ್ಲ. ಇಂತಹ ಕಟ್ಟಡಗಳು ಸೋಲುವುದು ಮೂರು ಕಡೆ: ಒಂದೇ ಮೆಟ್ಟಿಲು, ಕಿರಿದಾದ ಕಾರಿಡಾರ್, ಸ್ಟ್ರೆಚರ್ ಹಿಡಿಸದ ಲಿಫ್ಟ್. ಇವುಗಳಲ್ಲಿ ಎರಡು ನಿಮ್ಮ ಕಟ್ಟಡದಲ್ಲಿ ಕಂಡರೆ ಬೇರೆ ಕಟ್ಟಡ ಹುಡುಕುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಹೊರಗೆ ಕಬ್ಬಿಣದ ಮೆಟ್ಟಿಲು ಹಾಕಿ ಹೊಂದಿಸಿಕೊಳ್ಳುವ ಪ್ರಯತ್ನಗಳು ನಡೆಯುತ್ತವೆ, ಆದರೆ ಅದಕ್ಕೆ ತೆರವು ಜಾಗ ಬೇಕು, ಮತ್ತು ಹಾಸಿಗೆಯಲ್ಲಿರುವ ರೋಗಿಗೆ ಅದು ದಾರಿಯಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮಾಲೀಕರಿಂದ ಮಂಜೂರಾದ ನಕ್ಷೆ ಮತ್ತು ಒಸಿಯ ಪ್ರತಿ ಪಡೆಯಿರಿ, ಅಗ್ನಿ ಸುರಕ್ಷತೆಯ ಸಲಹೆಗಾರರನ್ನು ಒಮ್ಮೆ ಕಟ್ಟಡದೊಳಗೆ ನಡೆಸಿ, ಅನುಮತಿ ಸಿಗದಿದ್ದರೆ ಮುಂಗಡ ಹಣ ವಾಪಸಾಗಬೇಕು ಎಂಬ ಷರತ್ತನ್ನು ಕರಾರಿನಲ್ಲಿ ಸೇರಿಸಿ.